ದೊಡ್ಡ ಸಂಖ್ಯೆಗಳ ಸಹವಾಸ

ಗಣಿತದ ಮೇಡಂ ಅಂತ ಒಮ್ಮೆ ಗೊತ್ತಾದರೆ ಮುಗೀತು. ಚಿತ್ರದುರ್ಗ ಜಿಲ್ಲೆಯಲ್ಲಿ ನಾನು ಎಲ್ಲಿಗೇ ಹೋಗಲಿ, ಯಾವುದಾದರೂ ಒಂದು ಸಂಖ್ಯೆ ಬೆನ್ನು ಹತ್ತುತ್ತದೆ. ಅದರ ಜೊತೆಗೇ ಒಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ.

ಶೇಷ

ಹಿರಿಯೂರಿನ ಶಾಲೆಯಲ್ಲಿ ನಮ್ಮ ಜೊತೆಗಿದ್ದ ಸಮಾಜದ ಮೇಷ್ಟ್ರಿಗೆ ಲೆಕ್ಕ ಅಂದರೆ ಚಳಿಜ್ವರ. ಒಂದು ದಿನ ಸ್ಟಾಫ್ ರೂಮಿನಲ್ಲಿ, "ಮೂರಂಕಿಯ ಯಾವುದಾದರೂ ಸಂಖ್ಯೆ ಬರೀರಿ. ಪಕ್ಕದಲ್ಲೇ ಮತ್ತೆ ಅದನ್ನೇ ಬರೀರಿ" ಎಂದೆ. ನಾನು ಇಣುಕದ ಹಾಗೆ ಕೈ ಮರೆಮಾಡಿಕೊಂಡು 583583 ಎಂದು ಬರೆದರು.

"ಏಳರಿಂದ ಭಾಗಿಸಿ. ಬಂದದ್ದನ್ನು ಹನ್ನೊಂದರಿಂದ, ಆಮೇಲೆ ಹದಿಮೂರರಿಂದ."

ಬೆವರುತ್ತಾ ಮಾಡಿದರು. ಮೂರು ಸಲವೂ ಶೇಷ ಸೊನ್ನೆ, ಕೊನೆಗೆ ಉಳಿದದ್ದು ಅದೇ 583. ಮೇಷ್ಟ್ರು ಎದ್ದೇ ನಿಂತರು.

"ಏಳು, ಹನ್ನೊಂದು, ಹದಿಮೂರು ಗುಣಿಸಿದರೆ ಸಾವಿರದ ಒಂದು. ಸಂಖ್ಯೆಯನ್ನು ಎರಡು ಸಲ ಬರೆಯೋದು ಅಂದರೆ ಸಾವಿರದ ಒಂದರಿಂದ ಗುಣಿಸಿದ ಹಾಗೆ" ಎಂದು ವಿವರಿಸತೊಡಗಿದೆ.

"ಕಾರಣ ಆಮೇಲೆ ಹೇಳ್ರಿ ಮೇಡಂ. ನಾನು ಮಾಡಿದ ಭಾಗಾಕಾರ ಸರಿ ಬಂದಿರೋದು ಹುಟ್ಟಿದಾಗಿಂದ ಇದೇ ಮೊದ್ಲು. ಮನೆಗೊಂದು ಫೋನ್ ಮಾಡಿ ಬರ್ತೀನಿ!"

ಉದ್ದನೆಯ ನಂಬರ್

ಹೊಸದುರ್ಗದ ಬಸ್ಸು. ಎರಡನ್ನು ಎರಡರಿಂದಲೇ ಗುಣಿಸುತ್ತಾ ಹೋಗಿ ನೂರು ಎರಡುಗಳಾದರೆ ಬರುವ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದುಕೊಂಡು ಕೂತಿದ್ದೆ. ಮೂವತ್ತೊಂದು ಅಂಕಿ. ಪಕ್ಕದಲ್ಲಿದ್ದ ಮತ್ತೋಡಿನ ಯಜಮಾನರು ಬಹಳ ಹೊತ್ತು ಬಗ್ಗಿ ನೋಡಿದರು.

"ಯಾವ ದೇಶದ್ದಮ್ಮ ಈ ನಂಬರು? ಭಾಳ ದೂರ ಇರ್ಬೇಕು."

"ಫೋನ್ ನಂಬರಲ್ಲ ಯಜಮಾನ್ರೇ, ಬರೀ ಸಂಖ್ಯೆ."

"ಅಂದ್ರೆ ಯಾರ್ದು?"

"ಯಾರದೂ ಅಲ್ಲ."

ಅವರು ನನ್ನನ್ನು ಮರುಕದಿಂದ ನೋಡಿದರು. "ಏನೋ ಮುಚ್ಚಿಡ್ತೀಯ, ಇರ್ಲಿ ಬಿಡಮ್ಮ. ಆದ್ರೆ ಒಂದ್ ಮಾತು. ನಮ್ಮೂರ ತಾವ ಹತ್ತು ಅಂಕಿಗೇ ಸಿಗ್ನಲ್ ಬರಲ್ಲ. ಇಷ್ಟುದ್ದ ಒತ್ತಿ ಸುಮ್ನೆ ಬೆರಳು ನೋಯಿಸ್ಕಬೇಡ."

ಮುಂದಿನ ಸಾಲು

ಹೊಳಲ್ಕೆರೆಯಲ್ಲಿ ಪಕ್ಕದ ಮನೆಯವರ ಮಗಳ ಮದುವೆ. ಬಯಲಿನಲ್ಲಿ ಶಾಮಿಯಾನ. ಹೆಣ್ಣಿನ ತಂದೆ ಸಾವಿರ ಕುರ್ಚಿ ಹೇಳಿದ್ದರು. ಶಾಮಿಯಾನದವನು ಮುರಿದರೆ ಇರಲಿ ಅಂತ ಒಂಬತ್ತು ಜಾಸ್ತಿ ತಂದಿದ್ದ. ಗಂಡಿನ ಸೋದರಮಾವ ಪಟ್ಟು ಹಿಡಿದರು: "ಡ್ರೋನ್ ವಿಡಿಯೊ ತೆಗಿತಾರೆ. ಎಲ್ಲಾ ಸಾಲೂ ಸಮ ಇರ್ಬೇಕು, ಒಂದು ಕುರ್ಚೀನೂ ಮಿಗಬಾರ್ದು. ಮುಂದಿನ ಸಾಲು ಪೂರಾ ನಮ್ಮೋರಿಗೆ. ಇಲ್ಲಾಂದ್ರೆ ವಾಪಸ್ ಹೋಗಾಣ ನಡೀರಿ!"

ಇಪ್ಪತ್ತರ ಸಾಲು ಹಾಕಿದರೆ ಒಂಬತ್ತು ಮಿಕ್ಕವು. ಇಪ್ಪತ್ತನಾಲ್ಕರ ಸಾಲಿಗೆ ಒಂದು ಮಿಕ್ಕಿತು. ಮುಹೂರ್ತ ಹತ್ತಿರ ಬಂತು. ಹೆಣ್ಣಿನ ತಂದೆ ನನ್ನ ಕಡೆ ಓಡಿ ಬಂದರು. ಕೊನೆಗೆ ಒಂದು ಕುರ್ಚಿಯನ್ನು ಅಡುಗೆಯವರಿಗೆ ಕೊಟ್ಟೆವು, ಮದುವೆಯೂ ಚೆನ್ನಾಗಿ ಆಯಿತು. ಆದರೆ ಅದಕ್ಕೂ ಮುಂಚೆ ನಡೆದದ್ದನ್ನು ಹೇಳಬೇಕು.

"ಸಾವಿರದ ಒಂಬತ್ತು ಅವಿಭಾಜ್ಯ ಸಂಖ್ಯೆ. ಯಾವ ಲೆಕ್ಕದಲ್ಲೂ ಸಮನಾಗಿ ಒಡೆಯಲ್ಲ. ಒಂದೂ ಮಿಗಬಾರದು ಅಂದರೆ ಒಂದರ ಹಿಂದೆ ಒಂದು ಹಾಕಬೇಕು, ಇಲ್ಲವೇ ಎಲ್ಲವನ್ನೂ ಒಂದೇ ಸಾಲಿಗೆ ಹಾಕಬೇಕು" ಎಂದೆ.

ಹೆಣ್ಣಿನ ತಂದೆಯ ಮುಖ ಅರಳಿತು. "ಒಂದೇ ಸಾಲು ಹಾಕ್ರಲೇ! ಎಲ್ರೂ ಮುಂದಿನ ಸಾಲ್ನೋರೇ ಆಗ್ತಾರೆ!"

ಬಯಲೆಲ್ಲ ನಕ್ಕಿತು. ಸೋದರಮಾವ ಮಾತ್ರ ನಗಲಿಲ್ಲ. ರಸ್ತೆಯ ಕಡೆ ಕಣ್ಣು ಹಾಯಿಸಿ ಕೇಳಿದರು: "ಆ ಸಾಲು ಎಲ್ಲಿಗೆ ಹೋಗಿ ಮುಟ್ತೈತೆ?"

"ಬಸ್ ಸ್ಟ್ಯಾಂಡ್‌ಗೆ" ಎಂದರು ಹೆಣ್ಣಿನ ತಂದೆ.

"ಹಂಗಾದ್ರೆ ನಿಮ್ಮೋರು ಬಸ್ ಸ್ಟ್ಯಾಂಡಿಂದ ಕುಂತ್ಕಂಡು ಬರ್ರಿ. ನಮ್ಮೋರು ಮಂಟಪದಿಂದ ಶುರು ಮಾಡ್ತೀವಿ!"