ಇಪ್ಪತ್ತೈದು ವರ್ಷಕ್ಕೊಮ್ಮೆ ಅರಳುವ ಹೂ

ತಾಪತ್ರಯಕ್ಕೆಲ್ಲ ಮೂಲ ಡ್ರಿಲ್ ಮಾಸ್ತರ ಸೀಟಿ. ಶಾಲೆಯಿಂದ ನಿವೃತ್ತರಾದಾಗ ಅವರು ಮೈದಾನ, ಮಕ್ಕಳು, ಬೆತ್ತ ಎಲ್ಲವನ್ನೂ ಬಿಟ್ಟು ಬಂದಿದ್ದರು, ಸೀಟಿಯೊಂದನ್ನು ಬಿಟ್ಟಿರಲಿಲ್ಲ. ಬಡಾವಣೆಯವರೆಲ್ಲ ಸೇರಿ ಪ್ರವಾಸ ಹೊರಟ ಮೇಲೆ ಅದಕ್ಕೆ ಮತ್ತೆ ಜೀವ ಬಂತು. ಗುಂಪಿನವರು ಯಾರೇ ಆಗಲಿ, ಫೋಟೊ ತೆಗೆಯಲು ಫೋನು ಎತ್ತಿದರೆ ಸಾಕು, ಮಾಸ್ತರು ಊದುತ್ತಿದ್ದರು. ಕೇಳಿದವರು ಇದ್ದಲ್ಲಿಂದ ಓಡಿಬಂದು, ಎತ್ತರದವರು ಹಿಂದೆ, ಗಿಡ್ಡವರು ಮುಂದೆ, ಮಂಡಿನೋವಿನವರು ಬದಿಗೆ ಎಂದು ಸಾಲಾಗಿ ನಿಲ್ಲಬೇಕು. ಮೊದಲ ದಿನ ಇದು ತಮಾಷೆಯಾಗಿತ್ತು. ಮರುದಿನ ರೂಢಿಯಾಯಿತು. ಅದರಾಚೆಗೆ ಕಾನೂನು.

ಹೀಗಾಗಿ ಸೈಂಟಿಸ್ಟಿನ ಫೋನಿನಲ್ಲಿ ಸರೋವರ, ಸೇತುವೆ, ಹಿಮದ ಬೆಟ್ಟ ಎಲ್ಲದರ ಮುಂದೆಯೂ ಅದೇ ಮುಖಗಳು ಅದೇ ಕ್ರಮದಲ್ಲಿ ನಗುತ್ತಿದ್ದವು. ಬೆಟ್ಟದ ಚಿತ್ರದಲ್ಲಂತೂ ಬೆಟ್ಟವೇ ಕಾಣುತ್ತಿರಲಿಲ್ಲ.

ಸೈಂಟಿಸ್ಟು ಎಂಬುದು ಬಡಾವಣೆ ಕೊಟ್ಟ ಬಿರುದು. ಊರಿನ ನಲ್ಲಿ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನ ಕೆಲಸ. ಗಾಜಿನ ನಳಿಗೆಗೆ ನೀರು ತುಂಬಿ, ಎರಡು ತೊಟ್ಟು ಔಷಧಿ ಬಿಟ್ಟು, ಬಣ್ಣ ತಿರುಗುವುದನ್ನು ನೋಡುವುದು. ಮತ್ತೆ ಇನ್ನೊಂದು ನಳಿಗೆ. ಆದರೆ ಬಿಳಿ ಕೋಟು ಹಾಕಿಕೊಂಡು ಕೂರುವ ಮನುಷ್ಯ ಎಂದು ತಿಳಿದದ್ದೇ ತಡ, ಗ್ರಹಣಕ್ಕೂ ಭೂಕಂಪಕ್ಕೂ ಮಂಡಿನೋವಿಗೂ ಜನ ಅವನಿಂದಲೇ ಕಾರಣ ಕೇಳತೊಡಗಿದರು. ಗೊತ್ತಿಲ್ಲ ಎಂದರೆ ಎಷ್ಟು ವಿನಯ ನೋಡಿ ಎನ್ನುತ್ತಿದ್ದರು.

ಪ್ರವಾಸದ ಕೊನೆಯ ದಿನ, ಬಸ್ಸು ಹೂದೋಟದ ರಸ್ತೆಗೆ ತಿರುಗಿದಾಗ, ಹೆಂಡತಿ ಅವನ ಮುಖ ನೋಡದೆ ಕಿಟಕಿಯಾಚೆ ನೋಡುತ್ತ ಮಾತು ತೆಗೆದಳು.

"ರೀ, ನಮ್ಮ ಮದುವೆ ಆಲ್ಬಮ್‌ನಲ್ಲಿ ನಮ್ಮಿಬ್ಬರದೇ ಅಂತ ಒಂದೂ ಫೋಟೊ ಇಲ್ಲ. ಎಲ್ಲದರಲ್ಲೂ ನಿಮ್ಮ ಸೋದರಮಾವ ನಡುವೆ ನಿಂತಿದ್ದಾರೆ. ಇಪ್ಪತ್ತೈದು ವರ್ಷ ತುಂಬಿತು ಅಂತ ತಾನೇ ಈ ಟೂರಿಗೆ ಬಂದಿದ್ದು. ನನಗೆ ಬೇರೇನೂ ಬೇಡ. ನೀವು, ನಾನು, ಹಿಂದೆ ಹೂ. ಮೂರನೆಯವರ ಮೊಣಕೈ ಕೂಡ ಇರಬಾರದು."

ಆಗಲಿ ಎಂದ. ಜಗಳದ ಧ್ವನಿಯಾಗಿದ್ದರೆ ಅವನು ಹೆದರುತ್ತಿರಲಿಲ್ಲ. ಇದು ಜಗಳವನ್ನು ಕೈಬಿಟ್ಟವರ ಧ್ವನಿ. ಇದೊಂದು ಸಲ ಕೇಳುತ್ತೇನೆ, ಇನ್ನು ಮೇಲೆ ಕೇಳುವುದಿಲ್ಲ ಎಂದು ಅದರ ಅರ್ಥ. ಸಂಜೆಗೆ ಊರಿನ ರೈಲು. ಅಷ್ಟರೊಳಗೆ ಈ ತೋಟದಲ್ಲಿ ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ.

ವಸಂತದ ಕೆಲವೇ ವಾರ ಬಾಗಿಲು ತೆರೆಯುವ ಟ್ಯೂಲಿಪ್ ತೋಟ ಅದು. ಇಳಿಜಾರಿನ ಉದ್ದಕ್ಕೂ ಒಂದು ಪಟ್ಟಿ ಹಳದಿ, ಒಂದು ಪಟ್ಟಿ ಬಿಳಿ, ಕೆಳಗೆ ಕೆರೆಯಂಚಿನಲ್ಲಿ ಅಗಲವಾದ ಕೆಂಪು ಪಟ್ಟಿ ಎಂದು ಬಸ್ಸಿನಲ್ಲೇ ವರ್ಣನೆ ಕೇಳಿದ್ದರು. ಒಳಗೆ ಹೋದರೆ ಕಂಡದ್ದು ಬೆನ್ನುಗಳು. ಅಲ್ಲಿ ಯಾರೂ ನಡೆಯುತ್ತಿರಲಿಲ್ಲ. ಹಿಂದಿನಿಂದ ಒತ್ತಿದ್ದಕ್ಕೆ ಟೂತ್‌ಪೇಸ್ಟಿನಂತೆ ಮುಂದೆ ಬರುತ್ತಿದ್ದರು. ಅಂಚಿನ ಒಂದೊಂದು ಹೂವಿನ ಪಕ್ಕದಲ್ಲೂ ಯಾರದೋ ಒಂದು ಕೆನ್ನೆ.

ಸೈಂಟಿಸ್ಟು ಹೆಂಡತಿಯ ಕೈಹಿಡಿದು ಗುಂಪಿನಿಂದ ಜಾರಿ, ಹಳದಿ ಪಟ್ಟಿಯ ಮೂಲೆಯೊಂದನ್ನು ಹಿಡಿದ. ಅತ್ತಿತ್ತ ನೋಡಿದ. ಗುಂಪಿನವರು ಯಾರೂ ಇಲ್ಲ. ಕೈ ಚಾಚಿ ಫೋನು ಎತ್ತಿದ. ಎಲ್ಲಿಂದಲೋ ಸೀಟಿ ಕೇಳಿಸಿತು. ಅವನು ಗುಂಡಿ ಒತ್ತುವಷ್ಟರಲ್ಲಿ ಎತ್ತರದವರು ಹಿಂದೆ ನಿಂತಾಗಿತ್ತು, ಎದುರುಮನೆ ಅಕ್ಕ ಹೆಂಡತಿಯ ಹೆಗಲ ಮೇಲೆ ಕೈಹಾಕಿ ಹಲ್ಲು ಬಿಟ್ಟಾಗಿತ್ತು. ನಮ್ಮನ್ನು ಬಿಟ್ಟು ತೆಗೆದುಕೊಳ್ಳುವುದರಲ್ಲಿದ್ದಿರಿ, ಸದ್ಯ ನಾನು ನೋಡಿದೆ ಎಂದು ಮಾಸ್ತರು ಅವನ ಮರೆವನ್ನು ಕ್ಷಮಿಸಿದರು.

ಬಿಳಿ ಪಟ್ಟಿಯ ಹತ್ತಿರ ಅಪರಿಚಿತನೊಬ್ಬನಿಗೆ ಫೋನು ಕೊಡಹೋದ. ಅವನು, ಮೊದಲು ನಮ್ಮದೊಂದು ತೆಗೆದುಕೊಡಿ ಸಾರ್ ಎಂದು ತನ್ನ ಫೋನನ್ನೇ ಇವನ ಕೈಗಿಟ್ಟ. ತೆಗೆದುಕೊಟ್ಟ. ಅವನ ಅಣ್ಣನ ಸಂಸಾರದ್ದನ್ನೂ ತೆಗೆದ. ತಲೆ ಎತ್ತಿದರೆ ಮುಂದೆ ಒಂದು ಸಾಲೇ ನಿಂತಿತ್ತು. ತೋಟದವರೇ ಫೋಟೊ ತೆಗೆಯಲು ನೇಮಿಸಿದ ನೌಕರ ಎಂದು ತಿಳಿದಿದ್ದರು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಒಬ್ಬರಾದ ಮೇಲೆ ಒಬ್ಬರಿಗೆ ತೆಗೆಯುತ್ತ ಹೋದ. ಸಾಲಿನ ಕೊನೆಯಲ್ಲಿದ್ದ ದಪ್ಪ ಮೀಸೆಯವನು, ಸಂಬಳ ತಗೊಳ್ಳೋರು ಸ್ವಲ್ಪ ಚುರುಕಾಗಿರಬೇಕು ಎಂದು ಬುದ್ಧಿ ಹೇಳಿದ. ಮೊದಲಿನ ಅಪರಿಚಿತ ಅಷ್ಟರಲ್ಲಿ ಸಂಸಾರ ಸಮೇತ ಮನೆಗೆ ಹೋಗಿದ್ದ.

ಕೊನೆಗೆ ಸೈಂಟಿಸ್ಟು ಧೈರ್ಯ ಮಾಡಿ ಮಾಸ್ತರನ್ನೇ ಬದಿಗೆ ಕರೆದು ವಿಷಯ ಬಿಡಿಸಿ ಹೇಳಿದ. ಮಾಸ್ತರ ಮನಸ್ಸು ಕರಗಿತು. ಮೊದಲೇ ಹೇಳಬಾರದಿತ್ತೇ ಎಂದರು. ಹೇಳಿ, ಸೀಟಿ ಊದಿ ಎಲ್ಲರನ್ನೂ ಸೇರಿಸಿ, ಇನ್ನು ಗಂಡಹೆಂಡಿರ ಫೋಟೊ ಕಾರ್ಯಕ್ರಮ, ಹೆಚ್ಚು ವರ್ಷ ಸಂಸಾರ ಮಾಡಿದವರು ಮೊದಲು ಎಂದು ಘೋಷಿಸಿದರು. ಯಾರದು ಹೆಚ್ಚು ವರ್ಷ ಎಂಬುದರ ಮೇಲೆ ಎರಡು ಜೋಡಿಗಳ ನಡುವೆ ವಾದ ಹತ್ತಿಕೊಂಡಿತು. ಮತ್ತೊಂದು ಜೋಡಿ ತಮ್ಮ ತಮ್ಮಲ್ಲೇ ಒಪ್ಪದೆ ಮುನಿಸಿಕೊಂಡಿತು. ಕಾರ್ಯಕ್ರಮ ಅಲ್ಲಿಗೇ ಮುರಿದುಬಿತ್ತು.

ಹೆಂಡತಿ ಕೈಚೀಲ ಅವನಿಗೆ ಕೊಟ್ಟಳು. ಅವಳ ಫೋನೂ ಅದರಲ್ಲೇ ಇತ್ತು. "ನಾನು ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು ಬರ್ತೀನಿ. ಕೆಂಪು ಹೂವಿನ ಹತ್ರ ಇರಿ. ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ," ಎಂದು ಹೆಂಗಸರ ಕೋಣೆಯ ಕಡೆ ಹೋದಳು. ಅಲ್ಲೂ ಒಂದು ಉದ್ದನೆಯ ಸಾಲು.

ಸೈಂಟಿಸ್ಟು ಇನ್ನಾದರೂ ಜನವಿಲ್ಲದ ಒಂದು ಮೂಲೆ ಸಿಕ್ಕೀತೇ ಎಂದು ಹುಡುಕುತ್ತ, ತೋಟದ ಕೊನೆಯಲ್ಲಿ ಗುದ್ದಲಿ, ಕೊಳವೆ ಇಡುವ ಶೆಡ್ಡಿನ ಹಿಂದಕ್ಕೆ ಹೋದ. ಜನವೇನೋ ಇರಲಿಲ್ಲ, ಹೂವೂ ಇರಲಿಲ್ಲ. ಗೊಬ್ಬರದ ಗುಡ್ಡೆ, ಒಡೆದ ಕುಂಡಗಳು, ಒಂದು ಸಣ್ಣ ಮಡಿ. ಮಡಿಯ ನಡುವೆ ಟೊಳ್ಳು ಕಾಂಡವೊಂದು ನೆಟ್ಟಗೆ ಎದ್ದು, ತುದಿಯಲ್ಲಿ ಚೆಂಡಿನಂಥ ಬಿಳಿ ಗೊಂಚಲು ಹೊತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮಾಲಿ ಅವನನ್ನು ಕಂಡು ಎದ್ದುನಿಂತ.

"ಈರುಳ್ಳಿ ಸಾರ್. ಮನೆಗೆ ಅಂತ ಹಾಕ್ಕೊಂಡಿದ್ದೆ, ಕೀಳೋದು ತಡವಾಯ್ತು, ಹೂ ಬಿಟ್ಟುಬಿಡ್ತು. ಹೂದೋಟದಲ್ಲಿ ತರಕಾರಿ ಬೆಳೀಬಾರದು ಅಂತ ನಮ್ಮ ಆಫೀಸರು ಹೇಳಿದ್ದಾರೆ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ನೀವು ಯಾರಿಗೂ ಹೇಳಲ್ಲ ಅಲ್ವಾ?"

ಹೇಳುವುದಿಲ್ಲ ಎಂದು ಮಾತು ಕೊಟ್ಟು, ಸೈಂಟಿಸ್ಟು ಕೆಂಪು ಪಟ್ಟಿಗೆ ಬಂದ. ಅಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಗುಂಪಿನ ಅಂಚಿನಲ್ಲಿ ನಿಂತಿದ್ದ ಎದುರುಮನೆ ಅಕ್ಕ, ಒಬ್ಬರೇ ಎಲ್ಲಿಗೆ ಹೋಗಿದ್ದಿರಿ, ನಮಗೆ ತೋರಿಸದೆ ಏನು ನೋಡಿಬಂದಿರಿ ಎಂದು ಅವನನ್ನು ಹಿಡಿದುಕೊಂಡಳು. ಅಕ್ಕನ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಅದು ನೆನಪಾದೊಡನೆ ಸೈಂಟಿಸ್ಟಿನ ತಲೆಯಲ್ಲಿ ಏನೋ ಹೊಳೆಯಿತು. ಜೀವನದಲ್ಲಿ ನೀರಿನ ಬಣ್ಣದ ವಿಷಯದಲ್ಲೂ ಸುಳ್ಳು ಹೇಳದವನು ಧ್ವನಿ ತಗ್ಗಿಸಿದ.

"ಅಕ್ಕಾ, ಯಾರಿಗೂ ಹೇಳಬೇಡಿ. ಕೊನೇ ಶೆಡ್ಡಿನ ಹಿಂದೆ ಒಂದು ಹೂ ಅರಳಿದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಅರಳೋದು. ಇವತ್ತು ಸಂಜೆಗೆ ಬಾಡಿಹೋಗುತ್ತೆ."

ಇಪ್ಪತ್ತೈದು ಎಂಬುದು ಬೆಳಗಿನಿಂದ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಸಂಖ್ಯೆಯಾದ್ದರಿಂದ ತಾನಾಗಿ ಬಾಯಿಗೆ ಬಂತು.

ಅಕ್ಕ ಯಾರಿಗೂ ಹೇಳಲಿಲ್ಲ; ಮಾಸ್ತರಿಗೆ ಮಾತ್ರ ಹೇಳಿದಳು. ಮಾಸ್ತರು ಸೀಟಿ ಊದಿದರು. ಬಡಾವಣೆ ಓಡಿತು. ಒಂದು ಗುಂಪು ಹಾಗೆ ಓಡುವುದನ್ನು ಕಂಡ ಮೇಲೆ ಉಳಿದವರಿಗೆ ನಿಂತಲ್ಲಿ ನಿಲ್ಲಲಾಗುವುದೇ? ಸೈಂಟಿಸ್ಟು ಕಂಡುಹಿಡಿದ ಹೂವಿನ ಮಾತು ಒಣಹುಲ್ಲಿಗೆ ಬಿದ್ದ ಕಿಡಿಯಂತೆ ಹರಡಿತು. ಕೆರೆಯ ಆಚೆ ದಡ ಮುಟ್ಟುವಷ್ಟರಲ್ಲಿ ಹೂ ನೂರು ವರ್ಷಕ್ಕೊಮ್ಮೆ ಅರಳತೊಡಗಿತ್ತು. ಬಿಳಿ ಪಟ್ಟಿಯವರಿಗೆ ತಲುಪಿದಾಗ ಅದರ ಗಾಳಿ ಸೋಕಿದರೆ ಮಂಡಿನೋವು ಹೋಗುತ್ತಿತ್ತು. ಮಂಡಿನೋವಿನವರು ಎಲ್ಲರಿಗಿಂತ ಮುಂದಿದ್ದರು.

ಕೆಂಪು ಪಟ್ಟಿ ಖಾಲಿಯಾಯಿತು. ಇಷ್ಟು ಹೊತ್ತೂ ಕಾಣದಿದ್ದ ಹೂಗಳು ದಡದ ಉದ್ದಕ್ಕೂ ಒಮ್ಮೆಲೇ ಕಂಡವು. ಬಿಸಿಲು ಓರೆಯಾಗಿ ಬಿದ್ದು ಒಂದೊಂದು ದಳವೂ ಒಳಗಿನಿಂದ ಬೆಳಗಿದಂತಿತ್ತು. ಕಾಗೆಯೊಂದು ಬಂದು, ಯಾರೂ ಇಲ್ಲದ್ದನ್ನು ನೋಡಿ, ಅನುಮಾನಗೊಂಡು ಹಾರಿಹೋಯಿತು. ಸೈಂಟಿಸ್ಟು ಕಲ್ಲಿಗೆ ಫೋನು ಆನಿಸಿ, ತಾನೇ ತಾನಾಗಿ ಫೋಟೊ ತೆಗೆಯುವಂತೆ ಹೊಂದಿಸಿ, ತಾನು ನಿಲ್ಲುವ ಜಾಗ, ಹೆಂಡತಿ ನಿಲ್ಲುವ ಜಾಗ ಗುರುತು ಮಾಡಿಕೊಂಡು ನಿಂತ. ಒಂದು ಸಲ ಒತ್ತಿಯೂ ನೋಡಿದ. ಅಂಗೈಯಗಲದ ಪರದೆಯಲ್ಲಿ ಕೆಂಪು ಹೂಗಳ ಮುಂದೆ ಒಬ್ಬನೇ ನಿಂತು ನಗುತ್ತಿದ್ದ. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಅಚ್ಚುಕಟ್ಟಾದ ಜಾಗ.

ಹೆಂಡತಿ ಬರಲಿಲ್ಲ.

ಬಿಸಿಲು ಸ್ವಲ್ಪ ಸರಿಯಿತು. ಆಗಲೂ ಬರಲಿಲ್ಲ. ಹೆಂಗಸರ ಕೋಣೆಯ ಕಡೆ ಹೋಗಿ ನೋಡಿದರೆ ಸಾಲೇ ಇರಲಿಲ್ಲ. ನೆಲ ಒರೆಸುವ ಹೆಂಗಸೊಬ್ಬಳು ಕೋಲು ಊರಿಕೊಂಡು ನಿಂತಿದ್ದಳು. ತನ್ನ ಹೆಂಡತಿಯ ಚಹರೆ ಹೇಳಿ, ನೋಡಿದಿರಾ ಎಂದು ಕೇಳಿದ.

"ಅಯ್ಯೋ, ಅವರೇ ಸಾರ್ ಮೊದಲು ಓಡಿದ್ದು," ಎಂದಳು ಅವಳು. "ಅರ್ಧ ತಲೆ ಬಾಚಿದ್ರು, ಬಾಚಣಿಗೆ ಇನ್ನೂ ಇಲ್ಲೇ ಇದೆ. ಆ ಹೂವನ್ನ ಕಂಡುಹಿಡಿದದ್ದು ನಮ್ಮೆಜಮಾನ್ರೇ ಅಂತ ಎಲ್ಲರಿಗೂ ಹೇಳ್ಕೊಂಡು ಹೋದ್ರು."

ಸೈಂಟಿಸ್ಟು ಬಾಚಣಿಗೆ ಚೀಲಕ್ಕೆ ಹಾಕಿಕೊಂಡು ಶೆಡ್ಡಿನ ಕಡೆ ನಡೆದ.

ಶೆಡ್ಡಿನ ಹಿಂದೆ ಇಡೀ ತೋಟದ ಜನ ಸೇರಿತ್ತು. ಮಾಸ್ತರು ಸೀಟಿ ಊದಿ ಸರತಿ ನಡೆಸುತ್ತಿದ್ದರು. ಮಡಿಯ ಸುತ್ತ ಆಗಲೇ ಹಗ್ಗ ಬಿಗಿದಿತ್ತು. ತೋಟದ ಆಫೀಸರು ಸ್ವತಃ ಬಂದು, ಇಂಥ ಅಪರೂಪದ ಗಿಡವನ್ನು ಗುಟ್ಟಾಗಿ ಸಾಕಿದ್ದಕ್ಕೆ ಮಾಲಿಯ ಬೆನ್ನು ತಟ್ಟಿ, ಇನ್ನು ಮುಂದೆ ಇದರ ಎಲೆಯನ್ನೂ ಯಾರೂ ಮುಟ್ಟಕೂಡದೆಂದು ಅವನನ್ನೇ ಕಾವಲು ನಿಲ್ಲಿಸಿದ್ದರು. ನಿಜವಾಗಿ ಇಪ್ಪತ್ತೈದು ವರ್ಷಕ್ಕೊಮ್ಮೆಯೇ ಎಂದು ಜನ ಮಾಲಿಯನ್ನು ಕೇಳುತ್ತಿದ್ದರು. ನಾನು ಕೆಲಸಕ್ಕೆ ಸೇರಿ ಎಂಟೇ ವರ್ಷ, ಅದಕ್ಕೆ ಮುಂಚಿನದು ನನಗೆ ಗೊತ್ತಿಲ್ಲ ಎಂದು ಅವನು ಪ್ರಾಮಾಣಿಕವಾಗಿ ಹೇಳುತ್ತಿದ್ದ. ನೂಕುನುಗ್ಗಲಿನಲ್ಲಿ ಒಂದೆರಡು ಗಡ್ಡೆ ಕಾಲಿಗೆ ಸಿಕ್ಕಿ ಜಜ್ಜಿಹೋಗಿ, ಮುಂದಿನ ಸಾಲಿನವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಿಂದಿನವರು ಅದನ್ನು ನೋಡಿ ತಮಗೂ ಹೃದಯ ತುಂಬಿಬಂದು ಕಣ್ಣೊರೆಸಿಕೊಂಡರು. ಇದರ ವಾಸನೆ ಯಾಕೋ ನಮ್ಮ ಮನೆಯ ನೆನಪು ತರುತ್ತದೆ ಎಂದಳು ಎದುರುಮನೆ ಅಕ್ಕ.

ಹಗ್ಗದ ಪಕ್ಕದಲ್ಲೇ ಹೆಂಡತಿ ನಿಂತಿದ್ದಳು. ತಲೆಯ ಒಂದು ಭಾಗ ನುಣ್ಣಗೆ, ಇನ್ನೊಂದು ಭಾಗ ಕೆದರಿತ್ತು. ಅದು ಅವಳ ಗಮನದಲ್ಲೇ ಇರಲಿಲ್ಲ. ಗುರುತಿಲ್ಲದವರೂ ಅವಳನ್ನು ಮಾತಾಡಿಸುತ್ತಿದ್ದರು. ಅವನನ್ನು ಕಂಡು ಅವಳ ಮುಖ ಅರಳಿದ ಬಗೆಯನ್ನು ಅವನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಬಂದ್ರು, ಇವರೇ ನಮ್ಮೆಜಮಾನ್ರು," ಎಂದಳು ಎಲ್ಲರಿಗೂ ಕೇಳುವಂತೆ. ಆಮೇಲೆ ಅವನ ತೋಳು ಹಿಡಿದು ಮೆಲ್ಲಗೆ, "ಟ್ಯೂಲಿಪ್ ಬಿಡ್ರಿ, ಅದು ಪ್ರತಿ ವರ್ಷ ಬರುತ್ತೆ. ನಮ್ಮ ಫೋಟೊ ಈ ಹೂವಿನ ಜೊತೆಗೇ ಆಗಬೇಕು."

ಅವನು ನಿಜ ಹೇಳಲು ಬಾಯಿ ತೆರೆದ. ಹಗ್ಗದಾಚೆಯಿಂದ ಮಾಲಿ ನೋಡಿದ. ಆ ನೋಟದಲ್ಲಿ ಹೆಂಡತಿ, ಮಕ್ಕಳು, ಮನೆ ಬಾಡಿಗೆ ಎಲ್ಲವೂ ಇದ್ದವು. ಸೈಂಟಿಸ್ಟು ತೆರೆದ ಬಾಯಿಯಿಂದ ಸುಮ್ಮನೆ ಆಕಳಿಸಿದ. ಆಗಲಿ ಎಂದು ಫೋನು ಎತ್ತಿದ.

ಸೀಟಿ ಮೊಳಗಿತು. ಎತ್ತರದವರು ಹಿಂದೆ, ಗಿಡ್ಡವರು ಮುಂದೆ. ಈ ಸಲ ಮಂಡಿನೋವಿನವರೂ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತರು. ಇಂಥ ಹೂವಿನ ಫೋಟೊದಿಂದ ಹೊರಗುಳಿಯಲು ಒಬ್ಬರೂ ಸಿದ್ಧರಿರಲಿಲ್ಲವಾಗಿ, ತೆಗೆಯುವವರು ಯಾರು ಎಂಬ ಪ್ರಶ್ನೆ ಹುಟ್ಟಿತು. ಮಾಸ್ತರು ತುಸು ಯೋಚಿಸಿ ತೀರ್ಪು ಕೊಟ್ಟರು: "ಸೈಂಟಿಸ್ಟು ಹೂವನ್ನ ಮೊದಲೇ ನೋಡಿಯಾಗಿದೆ. ಅವರೇ ತೆಗೀಲಿ."

"ಚೆನ್ನಾಗಿ ತೆಗೀರಿ," ಎಂದಳು ಹೆಂಡತಿ, ಅಕ್ಕನ ಹೆಗಲ ಮೇಲೆ ಕೈಹಾಕಿ.

ಚೆನ್ನಾಗಿಯೇ ತೆಗೆದ. ಬೆಳಗಿನಿಂದ ಅಪರಿಚಿತರ ಫೋಟೊ ತೆಗೆದು ಕೈ ಪಳಗಿತ್ತು. ಒಬ್ಬರ ತಲೆಯೂ ಕತ್ತರಿಸಿರಲಿಲ್ಲ, ಒಬ್ಬರ ಕಣ್ಣೂ ಮುಚ್ಚಿರಲಿಲ್ಲ. ಬಡಾವಣೆ, ಆಫೀಸರು, ಮಾಲಿ, ದಪ್ಪ ಮೀಸೆಯವನು ಎಲ್ಲರೂ ಇದ್ದರು. ನಡುವೆ ಈರುಳ್ಳಿ.

ಇನ್ನೊಂದು ತೆಗೆಯೋಣ ಎಂದು ಅವನು ಹೆಂಡತಿಯ ಕಡೆ ಹೆಜ್ಜೆ ಇಡುವಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ರೈಲಿಗೆ ತಡವಾಗುತ್ತದೆಂದು ಮಾಸ್ತರು ಎಲ್ಲರನ್ನೂ ಗೇಟಿನ ಕಡೆ ಓಡಿಸಿದರು.

ಬಸ್ಸಿನಲ್ಲಿ ಹೆಂಡತಿ ಆ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ಒಂದೊಂದೇ ಮುಖ ನೋಡುತ್ತ ಹೋದಳು. ಹೋಗಿ ಹೋಗಿ ಕೊನೆಗೆ ಬೆರಳು ನಿಂತಿತು.

"ನೀವೇ ಇಲ್ವಲ್ರೀ ಇದರಲ್ಲಿ."

ಅವನು ಮುಂದೆ ಬರಬಹುದಾದ ಮೌನಕ್ಕೆ ಮೈ ಗಟ್ಟಿ ಮಾಡಿಕೊಂಡ. ಆದರೆ ಹೆಂಡತಿ ಕಿಟಕಿಯ ಕಡೆ ತಿರುಗಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು.

"ಹೋಗಲಿ ಬಿಡಿ. ಈಗ ಇಪ್ಪತ್ತೈದು, ಇನ್ನಿಪ್ಪತ್ತೈದಕ್ಕೆ ಮತ್ತೆ ಅರಳುತ್ತೆ ತಾನೇ? ನಮ್ಮ ಐವತ್ತನೇ ವರ್ಷಕ್ಕೆ ಸರಿಯಾಗುತ್ತೆ. ಆವಾಗ ನಾವಿಬ್ಬರೇ ಬಂದು ತೆಗೆಸ್ಕೊಳ್ಳೋಣ. ನನಗೆ ಮಾತು ಕೊಡಿ."

ಅವನು ಮಾತು ಕೊಟ್ಟ. ಮುಂದಿನ ಸೀಟಿನಲ್ಲಿ ನಿದ್ದೆ ಹೋದಂತಿದ್ದ ಎದುರುಮನೆ ಅಕ್ಕ ಎದ್ದು ಮಾಸ್ತರ ಹತ್ತಿರ ಹೋದಳು. ಮಾಸ್ತರು ಎದ್ದುನಿಂತು, ಇಪ್ಪತ್ತೈದು ವರ್ಷದ ನಂತರ ಇದೇ ಹೂವಿಗೆ ಇದೇ ಗುಂಪು ಮತ್ತೆ ಬರುವುದೆಂದೂ ಬರುವವರು ಕೈ ಎತ್ತಬೇಕೆಂದೂ ಸಾರಿದರು. ಬಸ್ಸಿಗೆ ಬಸ್ಸೇ ಕೈ ಎತ್ತಿತು.

ಅಷ್ಟು ಹೊತ್ತಿಗೆ ಮಾಸ್ತರಿಗೆ ತೊಂಬತ್ತು ದಾಟಿರುತ್ತದೆ ಎಂದು ಸೈಂಟಿಸ್ಟು ಮನಸ್ಸಿನಲ್ಲೇ ಎಣಿಸಿದ. ಆದರೆ ಅವರ ಆರೋಗ್ಯ ಬಹಳ ಚೆನ್ನಾಗಿತ್ತು.