ದಪ್ಪ ಪೈಪು, ಅಜ್ಜಿಯ ಕಿವಿ

ಬಾಳ್ಳುಪೇಟೆಯಲ್ಲಿ ಸೈಲೆನ್ಸರ್ ಬೆಸುಗೆ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಗಾಡಿ ಹೊಗೆ ಬಿಡೋ ಜಾಗದಲ್ಲೇ ನನ್ನ ಅನ್ನ ಇರೋದು. ನಗೋಕೆ ನಾನು ಎಲ್ಲೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗೇ ಓಡ್ಕೊಂಡೋ, ನೂಕಿಸ್ಕೊಂಡೋ ಅಂಗಡಿ ಮುಂದೆ ಬಂದು ನಿಲ್ತದೆ. ಆದರೆ ಒಂದು ಕಾರು, ಒಂದು ಪೈಪು, ಒಬ್ಬರು ಅಜ್ಜಿ ಸೇರ್ಕೊಂಡು ನನ್ನನ್ನ ಕುಣಿಸಿದ ಹಾಗೆ ಇನ್ಯಾರೂ ಕುಣಿಸಿಲ್ಲ.

ಎರಡು ಜನ, ಮೂರು ಲೋಟ

ಹಾನುಬಾಳು ದಾಟಿ ವನಗೂರಿನ ಕಡೆ ಹೋಗೋ ದಾರೀಲಿ ಒಂದು ಕಾಫಿ ಎಸ್ಟೇಟ್ ಐತೆ. ಮನೆ ಇರೋದು ಗುಡ್ಡದ ನೆತ್ತಿ ಮೇಲೆ. ಕೆಳಗೆ ಹಳ್ಳದ ಮೋರಿ ದಾಟಿದ್ರೆ ಅಂಗಳದವರೆಗೂ ಒಂದೇ ಏರು, ನಾಲ್ಕು ತಿರುವು. ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಎಂಜಿನ್ನಿನ ಸೈಲೆನ್ಸರ್ ಒಡೆದಿತ್ತು ಅಂತ ನನ್ನನ್ನ ಕರೆಸಿದ್ರು. ಯಜಮಾನರ ತಾಯಿ, ಎಂಬತ್ತು ದಾಟಿದ ಅಜ್ಜಿ, ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಾ ಇದ್ರು.

ಕೆಳಗೆ ಮೋರಿ ಹತ್ರ ಕಾರಿನ ಸದ್ದು ಕೇಳಿಸ್ತು. ಅಜ್ಜಿ ತಲೆ ಎತ್ತಲಿಲ್ಲ. ಒಳಗಿದ್ದ ಸೊಸೆಗೆ ಕೂಗಿ ಹೇಳಿದ್ರು, "ಕಾಫಿಗೆ ಹಾಲಿಡವ್ವಾ, ಮೂರು ಲೋಟ!"

"ಮೂರು ಜನ ಅಂತ ಹೆಂಗೆ ಗೊತ್ತಾಯ್ತಜ್ಜಿ?" ಅಂದೆ.

"ಎಂಜಿನ್ ಮುಕ್ಕರಿಯೋದು ಕೇಳಲ್ವೇನಪ್ಪಾ? ನನ್ನ ಮಗ ಒಬ್ಬನೇ ಆದ್ರೆ ಎರಡನೇ ತಿರುವಿನ ತನಕ ಗೇರ್ ಇಳಿಸಲ್ಲ. ಈಗ ಮೊದಲನೇ ತಿರುವಲ್ಲೇ ಇಳಿಸ್ದ."

ಕಾರು ಬಂತು. ಇಳಿದವರು ಇಬ್ಬರೇ. ಯಜಮಾನರು, ಮತ್ತೆ ಆಲೂರಿನ ಕಡೆಯಿಂದ ಬಂದಿದ್ದ ಅವರ ಬಾಮೈದ. ನಾನು ಒಳಗೊಳಗೇ ನಕ್ಕೆ. ಅಷ್ಟರಲ್ಲಿ ಆ ಬಾಮೈದ ಕಾರಿಂದ ಪೂರ್ತಿ ಹೊರಗೆ ಬಂದ್ರು. ಕಾರು ಆ ಕಡೆಯಿಂದ ನಾಲ್ಕು ಬೆರಳು ಮೇಲೆ ಎದ್ದು ನಿಂತ್ಕೊಂತು. ಕಾಫಿ ತಟ್ಟೆ ಬಂತು, ಯಜಮಾನರು ಒಂದು ಲೋಟ ತಗೊಂಡ್ರು, ಬಾಮೈದ ಎರಡೂ ಕೈಗೆ ಒಂದೊಂದು ತಗೊಂಡ್ರು.

"ತಪ್ಪಾಯ್ತಾ ನನ್ನ ಲೆಕ್ಕ?" ಅಂದ್ರು ಅಜ್ಜಿ.

ಅರವತ್ತು ವರ್ಷ ಅದೇ ಏರಿನ ಸದ್ದು ಕೇಳಿದ ಕಿವಿ ಅದು. ಯಾವ ಗಾಡಿಗೆ ಏನು ಕಾಯಿಲೆ ಅಂತ ಜಗಲಿಯಿಂದಲೇ ಹೇಳೋರು. ಅಜ್ಜಿ "ಆ ಬೆಸುಗೆಯವನು ಬೇಡ" ಅಂದುಬುಟ್ರೆ ಹಾನುಬಾಳಿನಿಂದ ವನಗೂರಿನ ತನಕ ಒಂದು ಜೀಪೂ ನನ್ನ ಅಂಗಡಿ ಕಡೆ ತಿರುಗ್ತಿರಲಿಲ್ಲ. ಅವತ್ತಿಂದ ನನಗೆ ಒಂದೇ ಹಟ, ಈ ಅಜ್ಜಿ ಬಾಯಲ್ಲಿ "ಕೆಲಸ ಚೆನ್ನಾಗೈತೆ" ಅನ್ನಿಸಬೇಕು. ಬೆಸುಗೆ ಕಲಿಸಿದ ನನ್ನ ಗುರುಗಳೂ ಅಂದಿರಲಿಲ್ಲ, ನನ್ನ ಹೆಂಡ್ತಿ ಅಂತೂ ಬಿಡಿ.

ಹಾಲಿನ ವ್ಯಾನು

ಆಮೇಲೆ ಒಂದಿನ ಯಜಮಾನರೇ ಅಂಗಡಿಗೆ ಬಂದ್ರು. ಐವತ್ತೆರಡು ವಯಸ್ಸು, ಆದರೆ ಫೋನಲ್ಲಿ ಅದ್ಯಾವುದೋ ಕಾರಿನ ಗುಡುಗು ಕೇಳಿ ತಲೆ ಕೆಡಿಸ್ಕೊಂಡಿದ್ರು.

"ದಪ್ಪ ಪೈಪ್ ಹಾಕು ಮಾರಾಯ. ಸದ್ದು ಎದೆಗೆ ಬಡೀಬೇಕು. ಪವರ್ರೂ ಜಾಸ್ತಿ ಆಗ್ತದಂತೆ."

ಅದು ಸಣ್ಣ ಪೆಟ್ರೋಲ್ ಕಾರು. ದಪ್ಪ ಪೈಪು ಅದಕ್ಕೆ ಒಗ್ಗಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಅಜ್ಜಿಗೆ ನನ್ನ ಕೈಚಳಕ ತೋರಿಸೋ ಆಸೆ ಇತ್ತಲ್ಲ, ಬಾಯಿ ಮುಚ್ಕೊಂಡು ಹಾಕ್ಬುಟ್ಟೆ. ಮುಷ್ಟಿ ತೂರಿಸೋ ಅಷ್ಟು ಅಗಲದ ಪೈಪು, ಹಿಂದೆ ಕನ್ನಡಿ ಥರ ಹೊಳೆಯೋ ಬಾಯಿ. ಸ್ಟಾರ್ಟ್ ಮಾಡಿದ್ರೆ ಎದುರಿನ ಹೋಟ್ಲಿನ ಲೋಟಗಳೆಲ್ಲ ಗಲಗಲ ಅಂದ್ವು.

ಯಜಮಾನರು ಹೈವೇಲಿ ಸಕಲೇಶಪುರದ ತನಕ ಹೋಗಿ ಬಂದ್ರು. ಮುಖ ಕೆಂಪಾಗಿತ್ತು.

"ಏನ್ ಹಾರ್ತದೆ ಮಾರಾಯ! ನೂರಿಪ್ಪತ್ತರಲ್ಲಿ ಹೋದಂಗಾಯ್ತು. ಮೀಟರ್ ನೋಡಿದ್ರೆ ಅರವತ್ತು ತೋರಿಸ್ತದೆ, ಅದು ಕೆಟ್ಟೋಗಿರಬೇಕು."

"ಮೀಟರ್ ಸರಿಯಾಗೈತೆ ಅಣ್ಣಾ. ಕಿವಿಗೆ ಮಾತ್ರ ನೂರಿಪ್ಪತ್ತು" ಅಂದೆ.

ಅವರು ನಂಬಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ್ರು, "ಅದಿರಲಿ, ನನ್ನನ್ನ ಹಿಂದೆ ಹಾಕ್ಬುಟ್ಟು ಹೋದ್ನಲ್ಲ ಆ ಹಾಲಿನ ವ್ಯಾನಿನೋನು, ಅವನಿಗೆ ಎಷ್ಟು ದಪ್ಪದ್ದು ಹಾಕಿಕೊಟ್ಟಿದೀಯ?"

ರೈಟರ್ ಕೊಟ್ಟ ಮೆಚ್ಚುಗೆ

ಹದಿನೈದು ದಿನ ಆದ್ಮೇಲೆ ಯಜಮಾನರು ಫೋನ್ ಮಾಡಿದ್ರು. ದನಿಯಲ್ಲಿ ಹಿಗ್ಗು.

"ನಿನ್ನ ಪೈಪಿನ ಕಾಲ್ಗುಣ ಕಣಯ್ಯಾ! ಮುಂಚೆ ತೋಟಕ್ಕೆ ಹೋದ್ರೆ ಅರ್ಧ ಜನ ನೆರಳಿನ ಸಿಲ್ವರ್ ಮರದ ಬುಡದಲ್ಲಿ ಕೂತಿರೋರು. ಈಗ ಯಾವ ಹೊತ್ತಿಗೆ ಹೋದ್ರೂ ಒಬ್ಬರೂ ತಲೆ ಎತ್ತಲ್ಲ, ಹಂಗೆ ಕೆಲಸ ಮಾಡ್ತಾವ್ರೆ."

ನಾನು ಉಬ್ಬಿ ಹೋದೆ. ಅದೇ ವಾರ ಎಸ್ಟೇಟಿನ ರೈಟರ್ ಅಂಗಡಿಗೆ ಬಂದ್ರು. ತೋಟದ ಆಳುಗಳ ಹಾಜರಿ, ಕೆಲಸ ಎಲ್ಲ ನೋಡ್ಕೊಳ್ಳೋರು ಅವರೇ. ಆ ಕಡೆ ಈ ಕಡೆ ನೋಡಿ ನನ್ನ ಕೈ ಹಿಡ್ಕೊಂಡ್ರು.

"ಭಾಳ ಉಪಕಾರ ಮಾಡಿದ್ರಿ ಕಣ್ರೀ. ಕಾರು ಮೋರಿಗಿಂತ ಒಂದು ಮೈಲಿ ಹಿಂದೆ ಇರೋವಾಗಲೇ ಕೇಳಿಸ್ತದೆ. ಎಲ್ಲರೂ ಎದ್ದು ಗಿಡಕ್ಕೆ ಕೈ ಹಾಕೋಕೆ ಬೇಕಾದಷ್ಟು ಟೈಮು."

"ಮತ್ತೇನು, ಸಂತೋಷ ತಾನೆ?"

"ಸಂತೋಷವೇ. ಇನ್ನೂ ಒಂಚೂರು ಜೋರು ಮಾಡ್ಕೊಡ್ತೀರಾ? ಹತ್ತು ಗಂಟೆ ಟೀ ಅರ್ಧಕ್ಕೇ ಬಿಟ್ಟು ಏಳಬೇಕಾಗೈತೆ."

ಊದುಗೊಳವೆ

ಆದರೆ ಜಗಲಿ ಮೇಲೆ ಬೇರೆಯದೇ ನಡೀತಿತ್ತು. ಕಾರಿನ ಸದ್ದು ಮೈಲಿ ದೂರದಿಂದಲೇ ಕೇಳಿ ಅಜ್ಜಿ ಹಾಲಿಡು ಅನ್ನೋರು. ಸೊಸೆ ಇಡೋರು. ಹಾಲು ಉಕ್ಕಿ ಒಲೆ ಪಾಲಾದ್ರೂ ಕಾರಿನ ಸುಳಿವಿಲ್ಲ. ಅದು ಏರಿನಲ್ಲಿ ಗುಡುಗ್ತಾ, ತೆವಳ್ತಾ ಬರೋದು. ಎಷ್ಟು ಜನ ಅಂತಾನೂ ಸದ್ದಿನಲ್ಲಿ ತಿಳೀತಿರಲಿಲ್ಲ. ಅರವತ್ತು ವರ್ಷದಲ್ಲಿ ಮೊದಲ ಸಲ ಆ ಮನೇಲಿ ಬಂದವರಿಗೆ ತಣ್ಣಗಿನ ಕಾಫಿ ಸಿಕ್ತು.

ಕೊನೆಗೊಂದು ದಿನ ಮನೆಯವರೆಲ್ಲ ಹಾನುಬಾಳಿನಲ್ಲಿ ಮದುವೆ ಮುಗಿಸಿ ಬರ್ತಿದ್ರಂತೆ. ಕಾರಲ್ಲಿ ಅಜ್ಜಿಯೂ ಸೇರಿ ಐದು ಜನ. ಮೂರನೇ ತಿರುವಲ್ಲಿ ಕಾರು ನಿಂತೇಬಿಟ್ಟಿತು. ಗುಡುಗು ಮಾತ್ರ ನಿಂತಿರಲಿಲ್ಲ. ಅಜ್ಜಿ ಬಾಗಿಲು ತೆಗೆದು, ಸೆರಗು ಸಿಕ್ಕಿಸ್ಕೊಂಡು, ಕಾಲುದಾರೀಲಿ ನಡೆದೇ ಹತ್ಬುಟ್ರು. ಕಾರು ಅಂಗಳಕ್ಕೆ ಬರೋ ಹೊತ್ತಿಗೆ ಜಗಲಿ ಮೇಲೆ ಕೂತು ಎಲೆ ಹಾಕ್ಕೊಂಡಾಗಿತ್ತು.

ಮಾರನೇ ದಿನ ನನಗೆ ಬುಲಾವು ಬಂತು. ಅಜ್ಜಿ ಬೈಯಲಿಲ್ಲ. ನೇರ ಅಡುಗೆಮನೆಗೆ ಕರ್ಕೊಂಡು ಹೋಗಿ ಸೌದೆ ಒಲೆ ಮುಂದೆ ಕೂರಿಸಿದ್ರು. ಒಂದು ಕೈಗೆ ಕಬ್ಬಿಣದ ಊದುಗೊಳವೆ ಕೊಟ್ರು, ಇನ್ನೊಂದು ಕೈಗೆ ತೋಳಿನಷ್ಟು ದಪ್ಪದ ಬಿದಿರಿನ ತುಂಡು.

"ಸಣ್ಣದರಲ್ಲಿ ಊದು."

ಊದಿದೆ. ಕೆಂಡ ಧಗ್ ಅಂತು.

"ಈಗ ದಪ್ಪದ್ರಲ್ಲಿ."

ಕೆನ್ನೆ ನೋಯೋ ತನಕ ಊದಿದೆ. ಕೆಂಡ ಅಲ್ಲಾಡಲಿಲ್ಲ. ಜೋರಾಗಿ ಉಸಿರು ಎಳ್ಕೊಂಡು ಇನ್ನೊಂದು ಸಲ ಊದೋಣ ಅಂತ ಹೋದ್ರೆ ಬಿದಿರಿನೊಳಗಿದ್ದ ಬೂದಿಯೆಲ್ಲ ನನ್ನ ಬಾಯಿಗೇ ಬಂತು.

"ತಿಳೀತಾ? ನಿಧಾನಕ್ಕೆ ಏರು ಹತ್ತೋ ಗಾಡಿಗೆ ಉಸಿರು ಬಿಗಿಯಾಗಿ ಹೋಗಬೇಕು. ಬಾಯಿ ಅಗಲ ಮಾಡಿದ್ರೆ ದಮ್ಮು ನಿಲ್ಲಲ್ಲ" ಅಂದ್ರು ಅಜ್ಜಿ.

ಇಷ್ಟನ್ನ ನನಗೆ ಗುರುಗಳು ಕಲಿಸೋಕೆ ಎರಡು ವರ್ಷ ತಗೊಂಡಿದ್ರು. ಅಜ್ಜಿ ಎರಡು ಊದಿಗೆ ಕಲಿಸಿಬುಟ್ರು. ಎಂಥಾ ಹೆಂಗಸು ಅಂತೀನಿ! ಕಾಲಿಗೆ ಬೀಳೋಣ ಅಂತ ಬಗ್ಗಿದೆ.

"ಮೊದಲು ಮುಖ ತೊಳ್ಕೊಳಪ್ಪಾ, ನನ್ನ ಕಾಲೂ ಬೂದಿ ಆಗ್ತದೆ" ಅಂದ್ರು.

ಆ ದಿನದ ಕಾಫಿ

ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಎಂಜಿನ್ನಿಗೆ ಎಷ್ಟು ಬೇಕೋ ಅಷ್ಟೇ ಅಗಲದ ಪೈಪು ತಗೊಂಡೆ. ಬಗ್ಗಿಸೋ ಕಡೆ ಚಪ್ಪಟೆ ಆಗಬಾರದು ಅಂತ ಒಳಗೆ ಮರಳು ತುಂಬಿ, ಕಾಯಿಸಿ, ಮೆಲ್ಲಗೆ ಬಗ್ಗಿಸಿದೆ. ಸದ್ದು ಹೀರೋಕೆ ಉದ್ದನೆಯ ಡಬ್ಬಿ ಕೂರಿಸಿದೆ. ಯಜಮಾನರ ಮನಸ್ಸು ನೋಯಬಾರದಲ್ಲ, ಹೊಳೆಯೋ ಬಾಯಿ ಮಾತ್ರ ಹಂಗೇ ಬಿಟ್ಟೆ.

ಪರೀಕ್ಷೆ ದಿನ ಕಾರಲ್ಲಿ ಯಜಮಾನರು, ನಾನು, ಹಿಂದಿನ ಸೀಟು ಪೂರ್ತಿ ಅವರ ಬಾಮೈದ. ಅಜ್ಜಿಯ ಹಳೇ ಲೆಕ್ಕದಲ್ಲಿ ನಾಲ್ಕು ಲೋಟದ ಭಾರ. ಇಷ್ಟು ಭಾರಕ್ಕೆ ಮುಂಚೆ ಮೋರಿ ಹತ್ರಾನೇ ಗೇರ್ ಇಳಿಸಬೇಕಾಗ್ತಿತ್ತು, ಈಗ ಹಂಗೇ ದಾಟಿದ್ವಿ. ಮೊದಲನೇ ತಿರುವಲ್ಲಿ ಯಜಮಾನರು ಒಂದೇ ಒಂದು ಸಲ ಇಳಿಸಿದ್ರು. ಎರಡನೇದು ಹೋಯ್ತು. ಮೂರನೇದೂ ಹೋಯ್ತು, ಮತ್ತೆ ಇಳಿಸಲೇ ಇಲ್ಲ. ಕಾರು ಗಂಟಲು ಸರಿಮಾಡ್ಕೊಂಡು ಸರಾಗವಾಗಿ ಹತ್ತಿತು. ಸದ್ದು ಹದವಾಗಿ, ಕೇಳೋಕೆ ಹಿತವಾಗಿತ್ತು.

"ಇದಪ್ಪಾ ಕಾರು!" ಅಂದ್ರು ಯಜಮಾನರು. ನನ್ನ ಎದೆ ಮಾತ್ರ ಆ ದಪ್ಪ ಪೈಪಿನ ಹಾಗೇ ಬಡ್ಕೊತಾ ಇತ್ತು. ಯಜಮಾನರು ಒಪ್ಪಿ ಏನು ಬಂತು, ಒಪ್ಪಬೇಕಾದವರು ಜಗಲಿ ಮೇಲಿದ್ರು.

ಅಂಗಳಕ್ಕೆ ಬಂದು ನಿಂತ್ವಿ. ಸೊಸೆ ಹಬೆಯಾಡೋ ಕಾಫಿ ತಟ್ಟೆ ಹಿಡ್ಕೊಂಡು ಸರಿಯಾಗಿ ಅದೇ ಹೊತ್ತಿಗೆ ಹೊರಗೆ ಬಂದ್ರು. ಮೂರು ಲೋಟ. ಯಜಮಾನರು ಒಂದು ತಗೊಂಡ್ರು. ಬಾಮೈದ ಅಭ್ಯಾಸಬಲದಿಂದ ಎರಡೂ ಕೈ ಚಾಚಿ ಎರಡು ತಗೊಂಡ್ರು. ಖಾಲಿ ತಟ್ಟೆ ನನ್ನ ಮುಂದೆ ಬಂತು.

ಅಜ್ಜಿ ತಟ್ಟೆ ನೋಡಿದ್ರು, ನನ್ನನ್ನ ನೋಡಿದ್ರು, ಬಾಮೈದನನ್ನ ಮೇಲಿಂದ ಕೆಳಗಿನ ತನಕ ನೋಡಿದ್ರು.

"ಅಲ್ಲಾ, ನಾಲ್ಕು ಆಗಬೇಕಿತ್ತು. ಗಾಡಿ ಸದ್ದು ಮೂರೇ ಅಂತ ಹೇಳ್ತಲ್ಲ! ಈ ಏರಲ್ಲಿ ನನ್ನ ಕಿವಿ ತಪ್ಪಿದ್ದೇ ಇಲ್ಲ."

ಬಾಮೈದನ ಮುಖ ಅರಳಿತು. "ಹಂಗಾದ್ರೆ ನಾನು ಸಣ್ಣ ಆಗಿದೀನಾ ಅತ್ತೆ?"

"ನೀನಲ್ಲ ಕಣೋ, ಸಣ್ಣ ಆಗಿರೋದು ಪೈಪು" ಅಂದು ಅಜ್ಜಿ ನನ್ನ ಕಡೆ ತಿರುಗಿದ್ರು. "ಕೆಲಸ ಚೆನ್ನಾಗೈತೆ ಕಣಪ್ಪಾ. ನನ್ನನ್ನೇ ಏಮಾರಿಸ್ಬುಟ್ಟೆ."

ನನಗೆ ಕಣ್ಣಲ್ಲಿ ನೀರು ಬಂದ್ಬುಡ್ತು. ಅಜ್ಜಿ ಒಳಗೆ ತಿರುಗಿ, "ಇನ್ನೊಂದು ಲೋಟ ಇಡವ್ವಾ" ಅಂತ ಕೂಗೋಕೆ ಹೊರಟ್ರು. ನಾನು ಎರಡೂ ಕೈ ಎತ್ತಿ ಮುಗಿದೆ.

"ಬೇಡಜ್ಜೀ, ದಮ್ಮಯ್ಯ ಅಂತೀನಿ. ಆ ಕಾಫಿ ನಾನು ಕುಡಿದುಬುಟ್ರೆ ನಿಮ್ಮ ಲೆಕ್ಕ ಸರಿಹೋಗಿ, ನಾನು ಏಮಾರಿಸಿದ್ದೇ ಸುಳ್ಳಾಗ್ಬುಡ್ತದೆ!"