ಧೂಳು ನಿರಪರಾಧಿ

ನನಗೆ ಸೀನು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನ ಪುಸ್ತಕದ ಕಪಾಟನ್ನು ರದ್ದಿಯವನಿಗೆ ಕೊಡಬೇಕೆಂದು ನಮ್ಮತ್ತೆ ತೀರ್ಮಾನಿಸಿದರು. ತವರಿನಿಂದ ನಾನು ತಂದ ಸಾಮ್ರಾಜ್ಯವೆಂದರೆ ಅದೊಂದೇ. (ಪಾತ್ರೆಗಳನ್ನೂ ತಂದಿದ್ದೆ, ಅವು ಅಡುಗೆಮನೆ ಹೊಕ್ಕ ದಿನವೇ ಅತ್ತೆಯ ಆಳ್ವಿಕೆಗೆ ಸೇರಿಹೋದವು.) ಹಳೇ ಪುಸ್ತಕ, ಹಳೇ ಧೂಳು, ಸೊಸೆಗೆ ಸೀನು: ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ಅಷ್ಟು ಸುಲಭಕ್ಕೆ ಶರಣಾಗುತ್ತಾಳೆಯೇ?

ಭಾನುವಾರ ಬೆಳಿಗ್ಗೆ ಕಪಾಟಿಗೆ ಬೆನ್ನು ಕೊಟ್ಟು ನಿಂತು, ಮೂಗೊರೆಸಿಕೊಳ್ಳುತ್ತಲೇ ಪಾಠ ಶುರುಮಾಡಿದೆ. ಧೂಳು ಪಾಪ, ಕೇಡು ಬಗೆಯುವಂಥದ್ದಲ್ಲ. ಅದು ಮೂಗಿನೊಳಗೆ ಕಾಲಿಟ್ಟರೆ ಕೆಲವು ಜೀವಕೋಶಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಸುದ್ದಿ ಹೇಳಲು ಅಟ್ಟುತ್ತವೆ. ಆ ಚಾಡಿಕೋರರು ಹೋಗಿ ‘ಶತ್ರು ಬಂದ’ ಎಂದು ಕಿವಿಯೂದುತ್ತಾರೆ. ರಕ್ಷಣೆಗೆಂದು ಇರುವ ಕೋಶಗಳು ಹಿಂದುಮುಂದು ನೋಡದೆ ಯುದ್ಧ ಸಾರುತ್ತವೆ. ಮಿಕ್ಕಿದ್ದು ನನ್ನ ಕರವಸ್ತ್ರಕ್ಕೆ ಗೊತ್ತು.

ಅತ್ತೆ ಬಟಾಣಿ ಬಿಡಿಸುತ್ತ ಪೂರ್ತಿ ಕೇಳಿದರು. ಇಂಥ ಶ್ರದ್ಧೆಯನ್ನು ನನ್ನ ತರಗತಿಯಲ್ಲಿ ಕಂಡವಳಲ್ಲ.

“ಅಂದ್ರೆ ಧೂಳಿಂದು ಏನೂ ತಪ್ಪಿಲ್ಲ ಅಂತೀಯಾ?”

“ಒಂಚೂರೂ ಇಲ್ಲ ಅತ್ತೆ.”

“ಎಲ್ಲಾ ನಿನ್ನೊಳಗಿರೋ ಚಾಡಿಕೋರರದ್ದೇ?”

“ಅವರದ್ದೇ.”

“ಸರಿ ಮತ್ತೆ. ತಪ್ಪು ಮಾಡದೆ ಇರೋರನ್ನ ಯಾಕೆ ಹೊರಗೆ ಹಾಕೋದು? ಪುಸ್ತಕ ಇಲ್ಲೇ ಇರ್ಲಿ. ನೀನು ವರಾಂಡಕ್ಕೆ ನಡಿಯಮ್ಮ.”

ಬೆಂಬಲಕ್ಕೆಂದು ನಮ್ಮ ಮನೆಯವರ, ಅಂದರೆ ಅತ್ತೆಯ ಮಗನ, ಮುಖ ನೋಡಿದೆ. ಅವರು ಆಗಲೇ ಕಪಾಟಿನ ಪಕ್ಕದಲ್ಲಿದ್ದ ನನ್ನ ಮೇಜಿನ ಒಂದು ತುದಿ ಎತ್ತಿಯಾಗಿತ್ತು. (ಬೇರೆ ಯಾವ ಕೆಲಸದಲ್ಲೂ ಈ ಚುರುಕು ಕಂಡಿಲ್ಲ.)

ಆದರೂ ಗೆದ್ದವಳು ನಾನೇ. ಕಪಾಟು ಇದ್ದಲ್ಲಿಂದ ಅಲುಗಲಿಲ್ಲ. ವಿಜಯೋತ್ಸಾಹದಿಂದ ವರಾಂಡದಲ್ಲಿ ಉತ್ತರಪತ್ರಿಕೆ ತಿದ್ದಲು ಕೂತೆ. ಕಂಬಕ್ಕೆ ಹಬ್ಬಿದ ಬಳ್ಳಿ ಗಾಳಿಗೆ ತೂಗಿತು. ಅದರ ಹೂಗಳಿಂದ ಹಳದಿ ಪರಾಗ ಸದ್ದಿಲ್ಲದೆ ಹಾಳೆಗಳ ಮೇಲಿಳಿಯಿತು. ಹುಡುಗರ ತಪ್ಪುಗಳೂ ಚಂದ ಕಂಡವು. ನೋಡುತ್ತ ಕೂತೆ. ಆಮೇಲೆ ಸೀನಿದೆ. ಸೀನುತ್ತಲೇ ಹೋದೆ.

ಬಳ್ಳಿ ಅತ್ತೆ ಕೈಯಾರೆ ನೆಟ್ಟದ್ದು. ಈಗ ನನ್ನ ಸರದಿ ಎಂದುಕೊಂಡು ಬಾಗಿಲಿಗೆ ಹೋದೆ.

“ಅತ್ತೆ, ಈ ಬಳ್ಳಿ ಕಡಿಸಲೇಬೇಕು.”

ಅವರು ನನ್ನ ಕಪಾಟಿನ ಪಕ್ಕ, ನನ್ನ ಜಾಗದಲ್ಲಿ, ನನ್ನದೇ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. ಒಂದು ಸೀನೂ ಇಲ್ಲ. ಪುಟ ತಿರುವುತ್ತ ಹೇಳಿದರು:

“ಬಳ್ಳಿ ಏನು ಮಾಡ್ತಮ್ಮ, ಪಾಪ? ನಿನ್ನ ಚಾಡಿಕೋರರಿಗೆ ಬುದ್ಧಿ ಹೇಳು.”

ಮನೆಯವರು ಬಂದು ಮತ್ತೆ ಮೇಜಿನ ತುದಿ ಹಿಡಿದರು, ಅಂಗಳಕ್ಕೆ ಸಾಗಿಸಲು. ಈ ಸಲ ನಾನು ಮೇಜಿನ ಮೇಲೆಯೇ ಹತ್ತಿ ಕೂತೆ.